ಸ್ಟೆಂಟ್ ಹಾಕಿದ್ದು ಎದೆಯ ರಕ್ತನಾಳಕ್ಕೆ, ನಿಂತುಹೋಗಿದ್ದು ಕಾಲು: ಬೆನ್ನುಹುರಿಗೆ ರಕ್ತ ಎಲ್ಲಿಂದ ಬರುತ್ತದೆ?

ಮಲೆನಾಡ ಮಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಾಕ್ಟರುಗಳು, ಫಿಸಿಯೋಗಳು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಅಪ್ಪನಿಗೆ ಎದೆಯಲ್ಲಿ ಕೆಳಕ್ಕಿಳಿಯುವ ಮಹಾಧಮನಿ ಉಬ್ಬಿಕೊಂಡಿತ್ತು, ಅನ್ಯೂರಿಸಂ ಅಂದರು. ಎದೆ ತೆರೆಯುವುದು ಬೇಡ, ತೊಡೆಸಂದಿಯಿಂದ ಸ್ಟೆಂಟ್ ಗ್ರಾಫ್ಟ್ ಕೂರಿಸುತ್ತೇವೆ ಅಂತ ಹೇಳಿ ಹಾಗೇ ಮಾಡಿದರು. ಸ್ಟೆಂಟ್ ಸರಿಯಾಗಿ ಕೂತಿದೆಯಂತೆ. ಆ ದಿನ ಸಂಜೆ ಐಸಿಯುನಲ್ಲಿ ಅಪ್ಪ ಕಾಲು ಆಡಿಸಿದ್ದನ್ನು ನಾನೇ ನೋಡಿದ್ದೇನೆ. ಮಾರನೇ ದಿನ ಬೆಳಗ್ಗೆ ಎರಡೂ ಕಾಲು ಅಲುಗಾಡಲಿಲ್ಲ. ಆದರೆ ಪಾದ ಮುಟ್ಟಿದರೆ "ಮುಟ್ಟಿದೆ ಅಲ್ವಾ" ಅನ್ನುತ್ತಾರೆ!

"ಬೆನ್ನುಹುರಿಗೆ ರಕ್ತ ಕಮ್ಮಿಯಾಗಿದೆ, ಹೀಗಾಗುವ ಸಾಧ್ಯತೆ ಇತ್ತು, ಸಹಿ ಮಾಡಿದ ಕಾಗದದಲ್ಲೂ ಇದೆ" ಅಂದರು. ಸಹಿ ಮಾಡಿದ್ದು ನಾನೇ, ಇಲ್ಲ ಅನ್ನುವುದಿಲ್ಲ. ಆದರೆ ಬೆನ್ನನ್ನು ಯಾರೂ ಮುಟ್ಟಿಲ್ಲ. ಎದೆಯ ರಕ್ತನಾಳಕ್ಕೂ ಕಾಲಿಗೂ ಏನು ಸಂಬಂಧ? ಜಗಳಕ್ಕೆ ಕೇಳುತ್ತಿಲ್ಲ, ಅರ್ಥ ಆಗಬೇಕು ಅಷ್ಟೇ.

ಕಾಲೇಜು ಕಟ್ಟೆ

ಅಣ್ಣಾ, ಓದಿ ಬೇಜಾರಾಯಿತು. ನಾನು ಎಂಬಿಬಿಎಸ್ ಓದುತ್ತಿದ್ದೇನೆ. ಇದು ಆಡಮ್‌ಕೀವಿಚ್ ಧಮನಿಯ ವಿಷಯ. ಬೆನ್ನುಹುರಿಯ ಕೆಳಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಅದು. ಮಹಾಧಮನಿಯ ಕವಲಿನಿಂದಲೇ ಬರುತ್ತದೆ. ಹೆಚ್ಚಿನವರಲ್ಲಿ ಎಡಗಡೆ, ಟಿ9ರಿಂದ ಟಿ12ರ ನಡುವೆ (ಟಿ ಅಂದರೆ ಎದೆಯ ಮಟ್ಟದ ಬೆನ್ನುಮಣಿ). ಅದರ ಬಾಯಿ ಮುಚ್ಚಿದರೆ ಕಾಲು ಹೋಗುತ್ತದೆ. ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, ಎಲ್ಲರೂ ಕೇಳುವ ಪ್ರಶ್ನೆ.

ಅನಾಟಮಿ ಮೇಷ್ಟ್ರು

ಕಟ್ಟೆ, ಹೆಸರು ಸರಿಯಾಗಿ ಹೇಳಿದೆ. ಆದರೆ ಆ ಒಂದು ಹೆಸರಲ್ಲೇ ಎಲ್ಲ ಮುಗಿಯುವುದಿಲ್ಲ ಮಾರಾಯ. ವೈವಾದಲ್ಲಿ ಹೆಸರು ಹೇಳಿ ಪಾಸಾಗುತ್ತೀರಿ, ಇಡೀ ವ್ಯವಸ್ಥೆ ಯಾಕೆ ಹಾಗಿದೆ ಅಂತ ಯಾರೂ ನೋಡುವುದಿಲ್ಲ. ಮಲೆನಾಡಿನವರೇ, ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ಬೆನ್ನುಹುರಿ ಗಂಡಸರಲ್ಲಿ ಸುಮಾರು 45 ಸೆಂ.ಮೀ. ಉದ್ದ. ಅದರ ಉದ್ದಕ್ಕೂ ಹೋಗುವ ಧಮನಿ ಮೂರೇ. ಮುಂದೆ ಒಂದು, ಹಿಂದೆ ಎರಡು. ಕತ್ತಿನ ಎರಡು ವರ್ಟಿಬ್ರಲ್ ಧಮನಿಗಳು ತಲೆಬುರುಡೆಯೊಳಗೆ ಒಂದೊಂದು ಕವಲು ಕೊಡುತ್ತವೆ. ಆ ಎರಡು ಸೇರಿ ಮುಂದಿನ ಧಮನಿ ಆಗುತ್ತದೆ. ಹುರಿಯ ಮುಂಭಾಗದಲ್ಲಿ ನಡುಮಧ್ಯೆ ಒಂದು ಸೀಳು ಇದೆ, ಅದರ ಮೇಲೇ ಇಳಿಯುತ್ತದೆ. ಹುರಿಯ ಮೂರನೇ ಎರಡು ಪಾಲು ಈ ಒಂದೇ ನಾಳದ ಹೊಣೆ. ಹಿಂದಿನ ಒಂದು ಪಾಲಿಗೆ ಮಾತ್ರ ಎರಡು ನಾಳ. ಎಡವಟ್ಟು ಶುರುವಾಗುವುದೇ ಇಲ್ಲಿಂದ.

ಮೇಲಿನಿಂದ ಬಂದ ರಕ್ತ ಕೆಳಗಿನವರೆಗೂ ಸಾಕಾಗುವುದಿಲ್ಲ. ಹಾಗಾಗಿ ದಾರಿಯುದ್ದಕ್ಕೂ ಪಕ್ಕದಿಂದ ರಕ್ತ ಸೇರಬೇಕು. ಮಹಾಧಮನಿಯ ಹಿಂಬದಿಯಿಂದ ಪಕ್ಕೆಲುಬುಗಳ ನಡುವೆ ಹೋಗುವ ಕವಲುಗಳು ಹೊರಡುತ್ತವೆ, ಮೂರನೆಯದರಿಂದ ಹನ್ನೊಂದನೆಯದರವರೆಗೆ ಒಂಬತ್ತು ಜೋಡಿ. ಸೊಂಟದಲ್ಲಿ ಇನ್ನೂ ನಾಲ್ಕು ಜೋಡಿ. ಇವು ಮುಂದಕ್ಕೆ ಹೋಗುವ ಮೊದಲು ಬೆನ್ನಿನ ಕಡೆಗೊಂದು ಕೊಂಬೆ ಬಿಡುತ್ತವೆ. ಬೆನ್ನಿನ ಸ್ನಾಯುವಿಗೆ, ಚರ್ಮಕ್ಕೆ ರಕ್ತ ಕೊಡುವುದು ಆ ಕೊಂಬೆಯೇ. ಅದರಿಂದ ಒಂದು ಸಣ್ಣ ಎಳೆ, ನರ ಹೊರಬರುವ ಅದೇ ತೂತಿನಿಂದ ಬೆನ್ನುಮೂಳೆಯ ಒಳಗೆ ನುಗ್ಗುತ್ತದೆ.

ನರಗಳು 31 ಜೋಡಿ, ಪ್ರತಿ ನರದ ಜೊತೆಗೂ ಇಂಥ ಒಂದು ಎಳೆ ಇದೆ. ಆದರೆ ಹೆಚ್ಚಿನವು ನರದ ಬೇರಿಗೆ ರಕ್ತ ಕೊಟ್ಟು ಅಲ್ಲೇ ಮುಗಿಯುತ್ತವೆ. ಮುಂದಿನ ಧಮನಿಯವರೆಗೂ ತಲುಪುವವು ಹತ್ತರ ಆಸುಪಾಸು ಅಷ್ಟೇ. ಕತ್ತಿನಲ್ಲಿ ಕೆಲವು, ಎದೆಯ ಮಟ್ಟದಲ್ಲಿ ಒಂದೆರಡು, ಕೆಳಗೆ ದೊಡ್ಡದೊಂದು. ಆ ದೊಡ್ಡದನ್ನೇ ಪೋಲೆಂಡಿನ ಆಲ್ಬರ್ಟ್ ಆಡಮ್‌ಕೀವಿಚ್ 1881–82ರಲ್ಲಿ ವಿವರಿಸಿದ. ದೊಡ್ಡದು ಅಂದರೂ ದಪ್ಪ ಒಂದು ಮಿಲಿಮೀಟರ್ ಅಷ್ಟೇ! ಹುರಿಯ ಹತ್ತಿರ ಬಂದು ಮೇಲಕ್ಕೆ ಏರಿ, ಹೇರ್‌ಪಿನ್ ಥರ ತಿರುಗಿ ಕೆಳಕ್ಕಿಳಿಯುತ್ತದೆ. ಆಂಜಿಯೋಗ್ರಾಂನಲ್ಲಿ ಅದನ್ನು ಗುರುತಿಸುವುದೇ ಆ ತಿರುವಿನಿಂದ.

ಮೇಲಿನ ನಾಳದ ಪಾಲಿಗೂ ಕೆಳಗಿನ ನಾಳದ ಪಾಲಿಗೂ ನಡುವೆ ಇರುವ ಜಾಗ ಟಿ4ರಿಂದ ಟಿ8. ನಾಲೆಯ ಕೊನೆಯ ಗದ್ದೆ ಇದ್ದ ಹಾಗೆ. ಅಣೆಕಟ್ಟು ತುಂಬಿದ ವರ್ಷ ಯಾರಿಗೂ ತೊಂದರೆ ಇಲ್ಲ. ನೀರು ಕಮ್ಮಿಯಾದ ವರ್ಷ ಮೊದಲು ಒಣಗುವುದು ಅದೇ.

ಈಗ ನಿಮ್ಮ ಪ್ರಶ್ನೆ. ಸ್ಟೆಂಟ್ ಗ್ರಾಫ್ಟ್ ಅಂದರೆ ಬಟ್ಟೆ ಹೊದಿಸಿದ ಕೊಳವೆ. ಉಬ್ಬಿದ ಗೋಡೆಗೆ ರಕ್ತದ ಹೊಡೆತ ಬೀಳದಂತೆ ಒಳಗಿನಿಂದ ಮುಚ್ಚುವುದು ಅದರ ಕೆಲಸ. ಗೋಡೆ ಮುಚ್ಚುವಾಗ ಆ ಗೋಡೆಯಿಂದ ಹೊರಡುವ ಕವಲುಗಳ ಬಾಯಿಯೂ ಮುಚ್ಚುತ್ತದೆ. ತಪ್ಪಿಸಲು ಆಗುವುದಿಲ್ಲ. ಎಷ್ಟು ಉದ್ದ ಮುಚ್ಚಿದರೋ ಅಷ್ಟು ಜೋಡಿ ಹೋಯಿತು.

ಮಲೆನಾಡ ಮಗ

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಎರಡು ಅನುಮಾನ ಉಳಿಯಿತು. ಬಾಯಿ ಮುಚ್ಚಿದ್ದರೆ ಅಲ್ಲೇ, ಟೇಬಲ್ ಮೇಲೇ ಕಾಲು ಹೋಗಬೇಕಿತ್ತಲ್ವಾ? ರಾತ್ರಿವರೆಗೂ ಚೆನ್ನಾಗಿತ್ತು. ಇನ್ನೊಂದು, ಮುಟ್ಟಿದ್ದು ಗೊತ್ತಾಗುವುದು ಹೇಗೆ?

ಅರಿವಳಿಕೆ ಅಕ್ಕ

ಮೊದಲನೆಯದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಅನಸ್ತೀಸಿಯಾದವಳು, ಇಂಥ ಕೇಸುಗಳ ಜೊತೆ ರಾತ್ರಿ ಕೂರುವುದು ನಮ್ಮ ಪಾಲಿನ ಕೆಲಸ.

ಒಂದು ನಾಳದ ಬಾಯಿ ಮುಚ್ಚಿದ ಕೂಡಲೇ ಹುರಿ ಸಾಯುವುದಿಲ್ಲ. ಬೆನ್ನಿನ ಸ್ನಾಯುಗಳ ಒಳಗೆ, ಮೂಳೆಯ ಸುತ್ತ ಸಣ್ಣ ನಾಳಗಳ ದೊಡ್ಡ ಬಲೆ ಇದೆ. ಮೇಲೆ ತೋಳಿಗೆ ಹೋಗುವ ಸಬ್‌ಕ್ಲೇವಿಯನ್, ನಡುವೆ ಪಕ್ಕೆಲುಬಿನವು, ಸೊಂಟದವು, ಕೆಳಗೆ ಕಿಬ್ಬೊಟ್ಟೆಯ ಇಲಿಯಾಕ್, ಈ ನಾಲ್ಕು ಕಡೆಯಿಂದ ಆ ಬಲೆಗೆ ರಕ್ತ ಬರುತ್ತದೆ. ಒಂದು ಕಡೆ ಮುಚ್ಚಿದರೆ ಉಳಿದವು ಸುತ್ತಿ ಬಳಸಿ ತಲುಪಿಸುತ್ತವೆ. ನ್ಯೂಯಾರ್ಕಿನ ಸರ್ಜನ್ ರಾಂಡಲ್ ಗ್ರೀಪ್ ಇದನ್ನು ಒತ್ತಿ ಹೇಳಿದವರು. ಆಡಮ್‌ಕೀವಿಚ್ ಒಂದನ್ನೇ ಹಿಡಿದು ಕೂರಬೇಡಿ, ಬಲೆಯನ್ನು ನೋಡಿ ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ.

ಆದರೆ ಸುತ್ತಿ ಬಳಸಿ ಬರುವ ರಕ್ತಕ್ಕೆ ಒತ್ತಡ ಬೇಕು. ಹುರಿಯ ಸುತ್ತ ಮಿದುಳುದ್ರವ ಇದೆ, ಅದೂ ಹುರಿಯನ್ನು ಒತ್ತುತ್ತಿರುತ್ತದೆ. ಸರಾಸರಿ ಬಿಪಿಯಿಂದ ದ್ರವದ ಒತ್ತಡ ಕಳೆದರೆ ಉಳಿಯುವುದೇ ಹುರಿಗೆ ಸಿಗುವ ಒತ್ತಡ. ಬಿಪಿ 90, ದ್ರವ 10 ಆದರೆ 80 ಸಿಕ್ಕಿತು. ರಾತ್ರಿ ಬಿಪಿ 65ಕ್ಕೆ ಇಳಿದು, ಹುರಿ ಬಾತು ದ್ರವ 20ಕ್ಕೆ ಏರಿದರೆ ಸಿಗುವುದು 45 ಅಷ್ಟೇ. ಲೆಕ್ಕ ಇಷ್ಟು ಸರಳ. ಅದಕ್ಕೇ ಗಂಟೆಗಳಾದ ಮೇಲೆ, ಕೆಲವೊಮ್ಮೆ ದಿನಗಳಾದ ಮೇಲೂ ಕಾಲು ನಿಲ್ಲುತ್ತದೆ. ಡಯಾಲಿಸಿಸ್‌ನಲ್ಲಿ ಬಿಪಿ ಬಿದ್ದು ಹೀಗಾಗುವುದೂ ಉಂಟು.

ತಕ್ಷಣ ಗೊತ್ತಾದರೆ ಮಾಡುವ ಕೆಲಸವೂ ಇದೇ ಲೆಕ್ಕದ ಎರಡು ತುದಿ. ಔಷಧಿ ಕೊಟ್ಟು ಬಿಪಿ ಏರಿಸುವುದು, ಸೊಂಟದಲ್ಲಿ ಸಣ್ಣ ಕೊಳವೆ ಹಾಕಿ ದ್ರವ ಇಳಿಸುವುದು. ಜೊತೆಗೆ ಹಿಮೋಗ್ಲೋಬಿನ್, ಆಮ್ಲಜನಕ ನೋಡಿಕೊಳ್ಳುವುದು. ದ್ರವವನ್ನು ಬೇಗ ಬೇಗ ಇಳಿಸಿದರೆ ತಲೆಯೊಳಗೆ ರಕ್ತಸ್ರಾವ ಆಗಬಹುದು, ಹಾಗಾಗಿ ಗಂಟೆಗಿಷ್ಟು ಅಂತ ಅಳತೆ ಇರುತ್ತದೆ. ನಿಮ್ಮ ತಂದೆಗೆ ಆ ಕೊಳವೆ, ಡ್ರೇನ್, ಹಾಕಿದ್ದರಾ?

ಮಲೆನಾಡ ಮಗ

ಹೌದು ಮೇಡಂ. ಬೆಳಗ್ಗೆ ಗೊತ್ತಾದ ಮೇಲೆ ಸೊಂಟಕ್ಕೆ ಕೊಳವೆ ಹಾಕಿದರು. ಆಗ ನಮಗೆ ಅದು ಯಾಕೆ ಅಂತಲೇ ತಿಳಿಯಲಿಲ್ಲ. ಅಮ್ಮ "ಕಾಲಿಗೆ ಔಷಧಿ ಕೊಡಿ ಅಂದರೆ ಬೆನ್ನಿಂದ ನೀರು ತೆಗೀತಾರೆ" ಅಂತ ಅತ್ತರು. ಆಮೇಲೆ ಎಡಗಾಲಿನ ಹೆಬ್ಬೆರಳು ಸ್ವಲ್ಪ ಅಲುಗಾಡಿತು. ಬಲಗಾಲು ಇನ್ನೂ ಇಲ್ಲ.

ಅರಿವಳಿಕೆ ಅಕ್ಕ

ಹೆಬ್ಬೆರಳು ಅಲುಗಿತು ಅಂದರೆ ದಾರಿ ಪೂರ್ತಿ ಕಡಿದಿಲ್ಲ. ಒಳ್ಳೆಯ ಗುರುತು ಅದು. ಅಮ್ಮನಿಗೆ ಹೇಳಿ, ನೀರು ತೆಗೆದದ್ದು ರಕ್ತಕ್ಕೆ ಜಾಗ ಮಾಡಿಕೊಡೋಕೆ.

ಅನಾಟಮಿ ಮೇಷ್ಟ್ರು

ಎರಡನೇ ಪ್ರಶ್ನೆ ನನ್ನದು. ಹುರಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಬೇರೆ ಬೇರೆ ಸುದ್ದಿ ಬೇರೆ ಬೇರೆ ಜಾಗದಲ್ಲಿ ಹೋಗುತ್ತದೆ. ಕಂಪನ, ಬೆರಳು ಎತ್ತ ಬಾಗಿದೆ ಅನ್ನುವ ಅರಿವು, ನಯವಾದ ಸ್ಪರ್ಶದ ದೊಡ್ಡ ಪಾಲು, ಇವು ಹಿಂದಿನ ಕಂಬಗಳಲ್ಲಿ ಏರುತ್ತವೆ. ನೋವು, ಬಿಸಿ, ತಂಪು ಇನ್ನೊಂದು ಬದಿಗೆ ದಾಟಿ ಮುಂದಿನ ಭಾಗದಲ್ಲಿ ಏರುತ್ತವೆ. ಸ್ನಾಯುವಿಗೆ ಆಜ್ಞೆ ಕೊಡುವ ಕೋಶಗಳು ಮುಂದಿನ ಬೂದು ಭಾಗದಲ್ಲಿವೆ. ಹಿಂದೆ ಎರಡು ನಾಳ, ಮುಂದೆ ಒಂದೇ ಅಂದೆನಲ್ಲ? ಮುಂದಿನದು ಸೊರಗಿದರೆ ಚಲನೆ, ನೋವು, ಬಿಸಿ, ಮೂತ್ರದ ಹಿಡಿತ ಹೋಗುತ್ತವೆ. ಸ್ಪರ್ಶ, ಕಂಪನ ಉಳಿಯುತ್ತವೆ. ಇದಕ್ಕೆ ಆಂಟೀರಿಯರ್ ಸ್ಪೈನಲ್ ಆರ್ಟರಿ ಸಿಂಡ್ರೋಮ್ ಅನ್ನುತ್ತಾರೆ. ನಿಮ್ಮ ತಂದೆಯದು ಪುಸ್ತಕದಲ್ಲಿ ಬರೆದಿಟ್ಟ ಹಾಗಿದೆ.

ಕಾಲೇಜು ಕಟ್ಟೆ

ಸರ್, ಒಂದು ಡೌಟು. ಕಾಲಿಗೆ ಆಜ್ಞೆ ತರುವ ಲ್ಯಾಟರಲ್ ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್ ಹುರಿಯ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೇ ಇದೆ. ಹಾಗಿದ್ದರೆ ಮುಂದಿನ ಧಮನಿ ಹೋದರೆ ಅದು ಯಾಕೆ ಹಾಳಾಗಬೇಕು?

ಅನಾಟಮಿ ಮೇಷ್ಟ್ರು

ಇದು ಪ್ರಶ್ನೆ! ಮುಂದಿನ ಧಮನಿ ಆ ಸೀಳಿನೊಳಗೆ ಒಂದರ ಹಿಂದೆ ಒಂದು ಸಣ್ಣ ಕವಲು ಕಳಿಸುತ್ತದೆ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಅವು ಒಳಗಿನಿಂದ ಹೊರಕ್ಕೆ ಹರಡುತ್ತವೆ. ಹುರಿಯ ಮೇಲ್ಮೈ ಸುತ್ತ ಇನ್ನೊಂದು ತೆಳು ಬಲೆ ಇದೆ, ಅದು ಹೊರಗಿನಿಂದ ಒಳಕ್ಕೆ ಬರುತ್ತದೆ. ನೀನು ಹೇಳಿದ ದಾರಿ ಎರಡೂ ಸೇರುವ ಗಡಿಯಲ್ಲಿದೆ, ಅದರ ಬಹುಪಾಲು ಮುಂದಿನ ಧಮನಿಯ ಲೆಕ್ಕಕ್ಕೇ ಬರುತ್ತದೆ. ಹಾಗಾಗಿ ಒಬ್ಬರಲ್ಲಿ ಪೂರ್ತಿ, ಇನ್ನೊಬ್ಬರಲ್ಲಿ ಅರ್ಧ ಹಾಳಾಗುತ್ತದೆ.

ಅದಕ್ಕಿಂತ ಮುಖ್ಯ, ಬೂದು ಭಾಗಕ್ಕೆ ರಕ್ತದ ಹಸಿವು ಜಾಸ್ತಿ. ರಕ್ತ ಕಮ್ಮಿಯಾದಾಗ ಮುಂಗೊಂಬಿನ, ಅಂದರೆ ಆ ಮುಂದಿನ ಬೂದು ಭಾಗದ, ಕೋಶಗಳು ಮೊದಲು ಸೋಲುತ್ತವೆ. ಎಂಆರ್‌ಐನಲ್ಲಿ ಎರಡು ಬಿಳಿ ಚುಕ್ಕೆ ಜೋಡಿಯಾಗಿ ಕಾಣುವುದು ಅದಕ್ಕೇ. ಹಾವಿನ ಕಣ್ಣು ಅಂತ ರೇಡಿಯಾಲಜಿಯವರು ಕರೆಯುತ್ತಾರೆ.

ಊರ ಹಿರಿಯ

ಇಷ್ಟೆಲ್ಲ ಬರೆದಿರಿ, ಒಳ್ಳೆಯದು. ನನ್ನ ಮಾತು ಕೇಳಿ ತಮ್ಮಾ, ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬಿಸಿ ಎಣ್ಣೆ ಹಚ್ಚಿ, ಸೊಪ್ಪಿನ ಗಂಟಿನಿಂದ ಶಾಖ ಕೊಟ್ಟು, ಬೆನ್ನು ಒತ್ತಿ ನರ ಸರಿ ಕೂರಿಸಿದರೆ ರಕ್ತ ತಾನಾಗಿ ಹರಿಯುತ್ತದೆ. ನಮ್ಮೂರಲ್ಲಿ ಹೀಗೆ ಎದ್ದು ನಡೆದವರಿದ್ದಾರೆ.

ಫಿಸಿಯೋ ಹುಬ್ಬಳ್ಳಿ

ಅಜ್ಜಾರ, ಪ್ರೀತಿಯಿಂದ ಹೇಳಿದ್ದೀರಿ, ಗೊತ್ತು. ಆದರೆ ಈ ಪೇಷಂಟಿಗೆ ಶಾಖ ಬೇಡವೇ ಬೇಡ. ಮೇಷ್ಟ್ರು ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ. ಅವರಿಗೆ ಮುಟ್ಟಿದ್ದು ಗೊತ್ತಾಗುತ್ತದೆ, ಬಿಸಿ ಗೊತ್ತಾಗುವುದಿಲ್ಲ. ಮನೆಯವರು ಮೋಸ ಹೋಗುವುದೇ ಇಲ್ಲಿ. "ಮುಟ್ಟಿದರೆ ಹೇಳ್ತಾರಲ್ಲ, ಸುಟ್ಟರೂ ಹೇಳ್ತಾರೆ" ಅಂದುಕೊಂಡು ಬಿಸಿನೀರಿನ ಚೀಲ ಇಡುತ್ತಾರೆ. ಎತ್ತಿ ನೋಡಿದರೆ ಹಿಮ್ಮಡಿಯ ಚರ್ಮ ಗುಳ್ಳೆ ಎದ್ದಿರುತ್ತದೆ. ಪೇಷಂಟ್ ಪಾಪ ಆರಾಮಾಗಿ ಟಿವಿ ನೋಡುತ್ತಿರುತ್ತಾರೆ.

ಮಲೆನಾಡ ಅಣ್ಣಾ, ಇದನ್ನು ವಾರ್ಡಿನಲ್ಲಿ ಹೇಗೆ ನೋಡುತ್ತೇವೆ ಅಂತ ಹೇಳುತ್ತೇನೆ, ನಿಮಗೂ ಧೈರ್ಯ ಬರುತ್ತದೆ. ಪೇಷಂಟಿಗೆ ಕಣ್ಣು ಮುಚ್ಚಿ ಅನ್ನುತ್ತೇವೆ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ಅಂಗೈಗೆ ಬಡಿದು ಕಾಲಿನ ಹೆಬ್ಬೆರಳ ಗೆಣ್ಣಿನ ಮೇಲೆ ನಿಲ್ಲಿಸುತ್ತೇವೆ. "ಗುಂಯ್ ಅಂತಿದೆ" ಅಂದರೆ ಹಿಂದಿನ ಕಂಬ ಇದೆ ಅಂತ ಅರ್ಥ. ಹೆಬ್ಬೆರಳನ್ನು ಎರಡೂ ಪಕ್ಕ ಹಿಡಿದು ಮೇಲೆ ಕೆಳಗೆ ಮಾಡಿ ಯಾವ ಕಡೆ ಅಂತ ಕೇಳುತ್ತೇವೆ. ಆಮೇಲೆ ಹೊಸ ಪಿನ್ ತೆಗೆದುಕೊಂಡು ಪಾದದಿಂದ ಮೇಲಕ್ಕೆ ಮೆಲ್ಲಗೆ ಚುಚ್ಚುತ್ತ ಬರುತ್ತೇವೆ. ಚೂಪು ಅಂತ ಹೊಕ್ಕುಳ ಹತ್ತಿರ ಹೇಳಿದರೆ ಟಿ10, ತೊಡೆಸಂದಿಯಲ್ಲಿ ಹೇಳಿದರೆ ಎಲ್1 (ಎಲ್ ಅಂದರೆ ಸೊಂಟದ ಮಟ್ಟ), ಮೊಲೆತೊಟ್ಟಿನ ಸಾಲಿನಲ್ಲಿ ಹೇಳಿದರೆ ಟಿ4. ಇದನ್ನು ಪೆನ್ನಲ್ಲಿ ಗುರುತು ಹಾಕಿ ತಾರೀಕು ಬರೆಯುತ್ತೇವೆ. ಗೆರೆ ಕೆಳಗೆ ಇಳಿಯುತ್ತ ಹೋದರೆ ಒಳ್ಳೆಯ ಸುದ್ದಿ. ನಿಮ್ಮ ತಂದೆಯದು ಎಲ್ಲಿದೆ ಅಂತ ಕೇಳಿ ಇಟ್ಟುಕೊಳ್ಳಿ.

ಒತ್ತುವ ವಿಷಯಕ್ಕೂ ಒಂದು ಮಾತು. ಹೊಸದಾಗಿ ಸ್ಟೆಂಟ್ ಕೂತಿರುವ ಮಹಾಧಮನಿ ಬೆನ್ನುಮೂಳೆಗೆ ಅಂಟಿಕೊಂಡೇ ಇದೆ. ಅದರ ಮೇಲೆ ಯಾರೂ ಮೊಣಕಾಲು ಊರುವುದು ಬೇಡ. ಕತ್ತು ಲಟಕ್ಕನೆ ತಿರುಗಿಸುವುದಂತೂ ಯಾರಿಗೂ ಬೇಡ, ವರ್ಟಿಬ್ರಲ್ ಧಮನಿಯ ಒಳಪದರ ಹರಿದು ಸ್ಟ್ರೋಕ್ ಆದ ಕೇಸುಗಳಿವೆ.

ಎಲ್4 ಎಲ್5

ವಿಷಯ ಬೇರೆ ಕಡೆ ಎಳೆಯುತ್ತಿದ್ದೇನೆ, ಕ್ಷಮಿಸಿ. ನನ್ನ ಹೆಸರೇ ಹೇಳುತ್ತದೆ ನನ್ನ ಕಥೆ. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಉಬ್ಬಿದೆ ಅಂತ ಬಂದಿದೆ. ಇದನ್ನೆಲ್ಲ ಓದಿ ನಿದ್ದೆ ಹೋಯಿತು. ಆ ಡಿಸ್ಕು ಬೆನ್ನುಹುರಿಯ ರಕ್ತನಾಳ ಒತ್ತಿ ನನಗೂ ಹೀಗೇ ಆಗಬಹುದಾ?

ಅನಾಟಮಿ ಮೇಷ್ಟ್ರು

ಇಲ್ಲ, ನಿದ್ದೆ ಮಾಡಿ. ನೀವು ಹೇಳುವ ಜಾಗದಲ್ಲಿ ಬೆನ್ನುಹುರಿಯೇ ಇಲ್ಲ! ದೊಡ್ಡವರಲ್ಲಿ ಹುರಿ ಎಲ್1-ಎಲ್2 ಹತ್ತಿರ ಮುಗಿಯುತ್ತದೆ. ಹುಟ್ಟಿದ ಮಗುವಿನಲ್ಲಿ ಎಲ್3ರವರೆಗೆ ಇರುತ್ತದೆ, ಆಮೇಲೆ ಮೂಳೆ ಬೆಳೆದಷ್ಟು ಹುರಿ ಬೆಳೆಯುವುದಿಲ್ಲ. ಅದರ ಕೆಳಗೆ ಇರುವುದು ನರದ ಬೇರುಗಳ ಗೊಂಚಲು, ಕಾಡಾ ಈಕ್ವೈನಾ. ಇದರಿಂದ ಇನ್ನೊಂದು ಗೊಂದಲವೂ ಆಗುತ್ತದೆ. ಹೊಕ್ಕುಳ ಮಟ್ಟದ ಟಿ10 ತುಣುಕು ಹುರಿಯಲ್ಲಿ ಇರುವುದು ಟಿ8 ಮಣಿಯ ಆಸುಪಾಸಿನಲ್ಲಿ. ಕಾಲು, ಮೂತ್ರಕ್ಕೆ ಸಂಬಂಧಪಟ್ಟ ತುಣುಕುಗಳೆಲ್ಲ ಟಿ11ರಿಂದ ಎಲ್1ರ ಹಿಂದೆ ಒತ್ತೊತ್ತಾಗಿ ಕೂತಿವೆ. ಯಾವ ಮಟ್ಟ ಅಂತ ಹೇಳುವಾಗ ಮಣಿಯದ್ದೋ ಹುರಿಯದ್ದೋ ಅಂತ ಕೇಳಿಕೊಳ್ಳಬೇಕು.

ನಿಮ್ಮ ಡಿಸ್ಕ್ ಪಕ್ಕಕ್ಕೆ ಉಬ್ಬಿ ಒತ್ತಿದರೂ ಸಾಮಾನ್ಯವಾಗಿ ಒತ್ತುವುದು ಎಲ್5 ಬೇರನ್ನು. ಎಲ್4 ಬೇರು ಡಿಸ್ಕಿಗಿಂತ ಮೇಲೇ ತೂತಿನಿಂದ ಹೊರಗೆ ಹೋಗಿಬಿಟ್ಟಿರುತ್ತದೆ. ಆಗ ಪಾದದ ಮೇಲ್ಭಾಗ, ಹೆಬ್ಬೆರಳು ಜುಮ್ಮೆನ್ನುತ್ತದೆ. ಕಿರುಬೆರಳಿನ ಕಡೆ, ಅಂಗಾಲಿನ ಹೊರಬದಿ ಆದರೆ ಅದರ ಕೆಳಗಿನ ಬೇರು, ಎಸ್1.

ಡಿಸ್ಕಿಗೆ ರಕ್ತನಾಳವೇ ಇಲ್ಲ. ಚಿಕ್ಕಂದಿನಲ್ಲಿ ಸ್ವಲ್ಪ ಇರುತ್ತದೆ, ದೊಡ್ಡವರಾದ ಮೇಲೆ ಮೇಲಿನ ಕೆಳಗಿನ ಮೂಳೆಯ ತಟ್ಟೆಯಿಂದ ಇಂಗಿ ಬಂದದ್ದೇ ಆಹಾರ. ಹಾಗಾಗಿ ಏಟಾದರೆ ಗುಣವಾಗುವುದು ನಿಧಾನ. ನರವೂ ಹೊರಗಿನ ಪದರಕ್ಕೆ ಮಾತ್ರ ಇದೆ, ಸೈನುವರ್ಟಿಬ್ರಲ್ ನರ ಅಂತ. ನರದ ತೂತಿನ ಹೊರಗೆ ಹುಟ್ಟಿ ಮತ್ತೆ ಒಳಕ್ಕೆ ತಿರುಗಿ ಬರುವ ವಿಚಿತ್ರ ನರ ಅದು. 1850ರಲ್ಲಿ ಜರ್ಮನಿಯ ಲುಶ್ಕಾ ವಿವರಿಸಿದ. ಅದು ತನ್ನ ಮಟ್ಟದ ಜೊತೆಗೆ ಅಕ್ಕಪಕ್ಕದ ಮಟ್ಟಕ್ಕೂ ಕವಲು ಕೊಡುತ್ತದೆ. ಇಲ್ಲೇ ನೋವು ಅಂತ ಬೆರಳಿಟ್ಟು ತೋರಿಸಲು ಜನಕ್ಕೆ ಆಗದಿರುವುದು ಅದಕ್ಕೂ ಇರಬಹುದು.

ಫಿಸಿಯೋ ಹುಬ್ಬಳ್ಳಿ

ಎಲ್4 ಎಲ್5 ಅಣ್ಣಾ, ರಿಪೋರ್ಟಿನಲ್ಲಿ ಉಬ್ಬಿದೆ ಅಂತ ಬರೆದರೆ ಹೆದರಬೇಡಿ. ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟು ಮಾಡಿ ನೋಡಿದ 2015ರ ಒಂದು ಪರಿಶೀಲನೆಯಲ್ಲಿ 20ರ ವಯಸ್ಸಿನವರಲ್ಲೇ ಶೇಕಡಾ 30 ಜನಕ್ಕೆ ಡಿಸ್ಕ್ ಉಬ್ಬಿತ್ತು. 80ರವರಲ್ಲಿ ಶೇಕಡಾ 84.

ನನ್ನ ಹತ್ತಿರ ಬರುವ ಎಷ್ಟೋ ಬೆನ್ನುನೋವಿಗೆ ಡಿಸ್ಕ್ ಕಾರಣವೇ ಅಲ್ಲ. ಬೆನ್ನಿನ ಹಿಂದಿನ ಕೀಲುಗಳು, ಆಳದ ಸ್ನಾಯುಗಳು. ಇವಕ್ಕೆ ನರ ಬರುವುದು ಬೆನ್ನುನರದ ಹಿಂಗವಲಿನಿಂದ. ಒಂದು ಕೀಲಿಗೆ ಎರಡು ಮಟ್ಟದಿಂದ ಬರುತ್ತದೆ. ಎಲ್4-ಎಲ್5 ಕೀಲು ಮರಗಟ್ಟಿಸಬೇಕಾದರೆ ಎಲ್3, ಎಲ್4 ಎರಡೂ ಕವಲಿಗೆ ಇಂಜೆಕ್ಷನ್ ಕೊಡಬೇಕು. ತಮಾಷೆ ಏನೆಂದರೆ ಜಿಮ್ಮಿನಲ್ಲಿ ಬೆನ್ನು ಅಂತ ತೋರಿಸುವ ದೊಡ್ಡ ಸ್ನಾಯು ಲ್ಯಾಟಿಸಿಮಸ್ ನರದ ಲೆಕ್ಕದಲ್ಲಿ ತೋಳಿನದು, ಕತ್ತಿನಿಂದ ಬರುವ ಥೊರಾಕೊಡಾರ್ಸಲ್ ನರ ಅದಕ್ಕೆ. ಟ್ರಪೀಜಿಯಸ್‌ಗೆ ಹನ್ನೊಂದನೇ ತಲೆನರ. ನಿಜವಾದ ಬೆನ್ನಿನ ಸ್ನಾಯು ಅವುಗಳ ಅಡಿಯಲ್ಲಿದೆ.

ಒಂದು ಮಾತ್ರ ನೆನಪಿಡಿ. ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಎರಡೂ ಕಾಲು ಸೋತರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಅನ್ನಬಾರದು.

ದುಬೈ ದೋಸೆ

ನನ್ನ ಮಾವನ ಕಥೆ ಕೇಳಿ. ನಡೆದರೆ ಕಾಲು ಸೋಲುತ್ತಿತ್ತು, ಕೂತರೆ ಸರಿ. ಮಂಡಿ ಅಂದರು, ಡಿಸ್ಕ್ ಅಂದರು, ಪ್ರಾಸ್ಟೇಟ್ ಅಂದರು. ಸ್ಟೀರಾಯ್ಡ್ ಕೊಟ್ಟ ಮೇಲೆ ಇನ್ನೂ ಕೆಟ್ಟಿತು. ಕೊನೆಗೆ ಬೆನ್ನಿನ ಆಂಜಿಯೋಗ್ರಾಂ ಮಾಡಿ ರಕ್ತನಾಳದ ತೊಂದರೆ ಅಂದರು. ಅಂಟು ಹಾಕಿ ಮುಚ್ಚಿದರಂತೆ. ರಕ್ತ ಬೇಕು ಅಂತ ಇಲ್ಲಿ ಹೇಳುತ್ತಿದ್ದೀರಿ, ಅಲ್ಲಿ ನಾಳವನ್ನೇ ಮುಚ್ಚಿದರಲ್ಲ?

ಕತ್ತಲೆ ಕೋಣೆ

ರೇಡಿಯಾಲಜಿಯವನು ನಾನು, ಇದು ನನ್ನ ಇಷ್ಟದ ವಿಷಯ. ನಿಮ್ಮ ಮಾವನದು ಡ್ಯೂರಲ್ ಫಿಸ್ಚುಲಾ ಇರಬೇಕು. ಜಾಸ್ತಿ 50 ದಾಟಿದ ಗಂಡಸರಿಗೆ ಬರುತ್ತದೆ. ನರದ ಬೇರು ಹುರಿಯ ಹೊರಪೊರೆ ದಾಟುವ ಜಾಗದಲ್ಲಿ ಒಂದು ಸಣ್ಣ ಧಮನಿ ನೇರವಾಗಿ ಸಿರೆಗೆ ಸೇರಿಕೊಂಡುಬಿಡುತ್ತದೆ. ಧಮನಿಯ ಒತ್ತಡ ಸಿರೆಗೆ ಬೀಳುತ್ತದೆ. ಹುರಿಯಿಂದ ಹೊರಬರಬೇಕಾದ ರಕ್ತಕ್ಕೆ ದಾರಿ ಸಿಗದೆ ಹುರಿ ಬಾತುಕೊಳ್ಳುತ್ತದೆ. ಅಂದರೆ ಇಲ್ಲಿ ತೊಂದರೆ ರಕ್ತ ಬರುವುದರಲ್ಲಿ ಅಲ್ಲ, ಹೋಗುವುದರಲ್ಲಿ. ಆ ಅಡ್ಡದಾರಿ ಮುಚ್ಚಿದರೆ ಹುರಿ ಉಸಿರಾಡುತ್ತದೆ. ಎಂಆರ್‌ಐನಲ್ಲಿ ಹುರಿಯ ಹಿಂದೆ ಕಪ್ಪು ಚುಕ್ಕೆಗಳು ಹುಳುಗಳಂತೆ ಕಾಣುತ್ತವೆ. ಸೊಂಟ ಮಾತ್ರ ಸ್ಕ್ಯಾನ್ ಮಾಡಿ ಮೇಲೆ ನೋಡದೆ ಬಿಟ್ಟರೆ ತಪ್ಪಿಹೋಗುತ್ತದೆ. ತಪ್ಪುತ್ತಲೂ ಇದೆ, ಅದು ನನಗೆ ಸಿಟ್ಟು ಬರಿಸುವ ವಿಷಯ.

ಬೆನ್ನುಮೂಳೆಯ ಸಿರೆಗಳ ಬಲೆಗೆ ಕವಾಟ ಇಲ್ಲ. ಕೆಮ್ಮಿದರೆ, ಮುಕ್ಕಿದರೆ ರಕ್ತ ಹಿಂದಕ್ಕೂ ಹರಿಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಸೀದಾ ಸೊಂಟದ ಮೂಳೆಗೆ ಏರುವುದು ಈ ದಾರಿಯಲ್ಲಿ ಅಂತ ಅಮೆರಿಕದ ಬ್ಯಾಟ್ಸನ್ 1940ರಲ್ಲಿ ತೋರಿಸಿದರು.

ನಮ್ಮಲ್ಲಿ ಹೆಚ್ಚು ಕಾಣುವ ಬೆನ್ನುಮೂಳೆ ಟಿಬಿಯನ್ನೂ ಹೇಳಿಬಿಡುತ್ತೇನೆ. ಅದು ಒಂದು ಮಣಿಗೆ ಅಲ್ಲ, ಅಕ್ಕಪಕ್ಕದ ಎರಡು ಮಣಿಗೆ, ನಡುವಿನ ಡಿಸ್ಕಿನ ಅಂಚಿನಲ್ಲಿ ಹಿಡಿಯುತ್ತದೆ. ಯಾಕೆ? ಒಂದೇ ಧಮನಿ ಎರಡಾಗಿ ಕವಲೊಡೆದು ಮೇಲಿನ ಮಣಿಯ ಕೆಳ ಅರ್ಧಕ್ಕೂ ಕೆಳಗಿನ ಮಣಿಯ ಮೇಲಿನ ಅರ್ಧಕ್ಕೂ ರಕ್ತ ಕೊಡುತ್ತದೆ. ಗರ್ಭದಲ್ಲಿ ಮಣಿ ಕಟ್ಟಿಕೊಳ್ಳುವಾಗ ಎರಡು ಅರ್ಧಗಳು ಸೇರುವ ರೀತಿಯಿಂದ ಹೀಗೆ. ರಕ್ತದಲ್ಲಿ ಬಂದ ಕ್ರಿಮಿ ಎರಡೂ ಕಡೆ ಕೂರುತ್ತದೆ. ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲೇ ಈ ಗೂನು, ಕಾಲು ಸೋಲುವುದನ್ನು ಬರೆದಿದ್ದ, ಕ್ರಿಮಿ ಸಿಕ್ಕಿದ್ದು ಜರ್ಮನಿಯ ರಾಬರ್ಟ್ ಕಾಕ್‌ಗೆ 1882ರಲ್ಲಿ. ಕ್ಯಾನ್ಸರ್ ಆದರೆ ಸಾಮಾನ್ಯವಾಗಿ ಡಿಸ್ಕ್ ಉಳಿದುಕೊಳ್ಳುತ್ತದೆ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆನ್ನುನೋವು ಇದ್ದರೆ ಬರೀ ನೋವಿನ ಮಾತ್ರೆ ನುಂಗಿ ಕೂರಬೇಡಿ.

ಮೈಸೂರು ಮಲ್ಲಿಗೆ

ಎಲ್ಲ ಓದಿದೆ. ನನಗೆ ಸಿಸೇರಿಯನ್‌ನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಮಗು ಈಗ ಶಾಲೆಗೆ ಹೋಗುತ್ತಾಳೆ, ಬೆನ್ನುನೋವು ಇನ್ನೂ ಇದೆ. ಅತ್ತೆ, ನಾದಿನಿ ಎಲ್ಲ ಅದೇ ಸೂಜಿ ಅಂತಾರೆ. ಅದರಿಂದ ಹುರಿಯ ರಕ್ತನಾಳಕ್ಕೆ ಪೆಟ್ಟಾಗಿರಬಹುದಾ?

ಅರಿವಳಿಕೆ ಅಕ್ಕ

ತಂಗಿ, ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ನಾವು ಸೊಂಟದ ಎರಡೂ ಬದಿಯ ಮೂಳೆಯ ತುದಿ ಮುಟ್ಟಿ ಅಡ್ಡಗೆರೆ ಎಳೆಯುತ್ತೇವೆ, ಅದು ಎಲ್4 ಹತ್ತಿರ ಬರುತ್ತದೆ. ಅಲ್ಲೋ ಒಂದು ಮಣಿ ಮೇಲೋ ಸೂಜಿ ಹಾಕುತ್ತೇವೆ. ಮೇಷ್ಟ್ರು ಹೇಳಿದ ಹಾಗೆ ಹುರಿ ಮೇಲೇ ಮುಗಿದಿರುತ್ತದೆ. ಕೆಳಗೆ ತೇಲುವ ಬೇರುಗಳು ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. ಸೂಜಿ 25 ಅಥವಾ 27 ಗೇಜು, ಅರ್ಧ ಮಿಲಿಮೀಟರ್ ದಪ್ಪ. ಒಂದೆರಡು ದಿನ ಆ ಜಾಗ ನೋಯಬಹುದು, ಕೆಲವರಿಗೆ ತಲೆನೋವು ಬರಬಹುದು. ವರ್ಷಗಟ್ಟಲೆ ನೋವಿಗೆ ಅದು ಕಾರಣ ಅಲ್ಲ. ಸೂಜಿಯೇ ಇಲ್ಲದೆ ಹೆತ್ತವರಿಗೂ ಬೆನ್ನುನೋವು ಇರುತ್ತದೆ. ಮಗು ಎತ್ತುವುದು, ಬಗ್ಗಿ ಹಾಲು ಕೊಡುವುದು, ಸಡಿಲವಾದ ಹೊಟ್ಟೆಯ ಸ್ನಾಯು, ನಿದ್ದೆಗೇಡು. ಅತ್ತೆಯವರು ಸೂಜಿ ಬಿಟ್ಟು ಸ್ವಲ್ಪ ಕೆಲಸ ಹಂಚಿಕೊಂಡರೆ ನೋವು ಬೇಗ ಕಮ್ಮಿಯಾದೀತು. ಜೊತೆಗೆ ಒಮ್ಮೆ ಫಿಸಿಯೋ ಹತ್ತಿರ ತೋರಿಸಿ.

ಮಲೆನಾಡ ಮಗ

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರನ್ನು ಕೇಳಿದೆ, ಗೆರೆ ಮೊದಲು ಹೊಕ್ಕುಳದಲ್ಲಿತ್ತಂತೆ, ಈಗ ತೊಡೆಸಂದಿ. ಬಿಸಿನೀರಿನ ಚೀಲ ಮನೆಯಲ್ಲಿ ಅಟ್ಟ ಹತ್ತಿಸಿದ್ದೇವೆ. ಇನ್ನೊಂದು ವಾರದಲ್ಲಿ ಡಿಸ್ಚಾರ್ಜ್ ಮಾಡುತ್ತಾರಂತೆ. ಹೊರಡುವ ಮೊದಲು ಏನೇನು ಕೇಳಿಕೊಳ್ಳಬೇಕು?

ಫಿಸಿಯೋ ಹುಬ್ಬಳ್ಳಿ

ಬಿಪಿ ಮಾತ್ರೆ ಮೊದಲು ಕೇಳಿ. ಅವರಿಗೆ ಮುಂಚಿನಿಂದ ಬಿಪಿ ಇದ್ದು ಹಳೇ ಮಾತ್ರೆ ಅದೇ ಪ್ರಮಾಣದಲ್ಲಿ ಶುರು ಮಾಡಿದರೆ ಬಿಪಿ ಜಾಸ್ತಿ ಇಳಿಯಬಹುದು. ಯಾವುದರಿಂದ ಯಾವುದರ ನಡುವೆ ಇರಬೇಕು ಅಂತ ಅಂಕಿಯಲ್ಲೇ ಬರೆಸಿಕೊಳ್ಳಿ, ಮನೆಯಲ್ಲಿ ಮಿಷನ್ ಇಟ್ಟುಕೊಳ್ಳಿ. ಮೂತ್ರಕ್ಕೆ ಟ್ಯೂಬು ಹಾಗೇ ಬಿಡುವುದಾ, ಆಗಾಗ ಹಾಕಿ ತೆಗೆಯುವುದಾ ಅಂತ ಕೇಳಿ. ಹಾಕಿ ತೆಗೆಯುವುದನ್ನು ವಾರ್ಡಿನಲ್ಲೇ ನರ್ಸಿನಿಂದ ಕಲಿತುಕೊಂಡು ಬನ್ನಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಮತ್ತು ಬೆನ್ನಿನ ಕೊನೆಯ ಮೂಳೆಯ ಚರ್ಮವನ್ನು ದಿನಾ ನೋಡಬೇಕು, ಕೆಂಪಾಗಿ ಒತ್ತಿದರೂ ಬಿಳಿಚದಿದ್ದರೆ ತಕ್ಷಣ ಹೇಳಬೇಕು. ಮೀನಖಂಡ ಊದಿದೆಯಾ ನೋಡಿ, ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ.

ವ್ಯಾಯಾಮಕ್ಕೆ ಊರಿನ ಹತ್ತಿರ ಯಾರೂ ಸಿಗದಿದ್ದರೆ ಇಲ್ಲೇ ಬರೆಯಿರಿ. ಎಡಗಾಲಿನಿಂದ ಶುರು ಮಾಡಿ, ಆಡುವ ಬೆರಳನ್ನು ಮೊದಲು ಆಡಿಸಿ.